ಕೀಳಿಸಿದರೆ ಖರ್ಚು ಮುಗಿಯುತ್ತಾ?

ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಬಿಲ್ಡಿಂಗ್‌ನಲ್ಲಿ ಯಾರಿಗೆ ಹಲ್ಲುನೋವು ಬಂದರೂ ಮೊದಲ ಸಲಹೆ ಲವಂಗ. ಎರಡನೆಯದು, "ಕೀಳಿಸಿ ಬಿಡು ಮಾರಾಯ, ರೂಟ್ ಕೆನಾಲ್ ಅಂತ ಸುಮ್ನೆ ದುಡ್ಡು ಹೊಡೀತಾರೆ." ರೂಟ್ ಕೆನಾಲ್ ಅಂದರೆ ಹಲ್ಲು ಕೀಳದೆ, ಒಳಗಿನ ನರ-ತಿರುಳು ತೆಗೆದು, ತೊಳೆದು, ತುಂಬಿ ಉಳಿಸುವುದು. ಹಾಗೆ ಹೇಳುವವರು ಹೋಟೆಲ್ ಗಲ್ಲಾದಲ್ಲಿ ಕೂತು ಪೈಸೆ ಪೈಸೆ ಲೆಕ್ಕ ಇಟ್ಟವರು. ಹಲ್ಲಿನ ವಿಷಯದಲ್ಲಿ ಮಾತ್ರ ಅವರ ಲೆಕ್ಕ ಅರ್ಧಕ್ಕೇ ನಿಲ್ಲುತ್ತದೆ.

ಕಿತ್ತ ದಿನ ಖರ್ಚು ಕಡಿಮೆಯೇ, ಒಪ್ಪುತ್ತೇನೆ. ಆಮೇಲೆ? ಖಾಲಿ ಜಾಗಕ್ಕೆ ಪಕ್ಕದ ಹಲ್ಲು ವಾಲಬಹುದು. ಎದುರಿನ ಹಲ್ಲಿಗೆ ತಡೆಯೋರಿಲ್ಲ, ಅದು ನಿಧಾನಕ್ಕೆ ಜಾರಬಹುದು. ಬ್ರಿಡ್ಜ್, ಅಂದರೆ ಪಕ್ಕದ ಹಲ್ಲುಗಳಿಗೆ ಆನಿಸಿ ಕೂರಿಸುವ ಕೃತಕ ಹಲ್ಲು, ಹಾಕಿಸಬೇಕಾದರೆ ಸಾಮಾನ್ಯವಾಗಿ ಅಕ್ಕಪಕ್ಕದ ಎರಡು ಒಳ್ಳೆಯ ಹಲ್ಲನ್ನು ಉಜ್ಜಿ ಸಣ್ಣ ಮಾಡುತ್ತಾರೆ. ಎಲುಬಿಗೇ ತಿರುಪು ಕೂರಿಸಿ ಹಾಕುವ ಇಂಪ್ಲಾಂಟ್ ಅಂದರೆ ಬಿಲ್ ಇನ್ನೂ ದೊಡ್ಡದು.

"ನರ ತೆಗೆದ ಮೇಲೆ ಹಲ್ಲು ಸತ್ತ ಹಾಗೆ ಅಲ್ವಾ?" ಇದು ನಮ್ಮ ದೊಡ್ಡಪ್ಪನ ವಾದ. ಒಳಗಿನ ತಿರುಳು ಹೋಗುವುದು ನಿಜ. ಆದರೆ ದೊಡ್ಡಪ್ಪಾ, ಹಲ್ಲನ್ನು ಹಿಡಿದಿರುವುದು ಸುತ್ತಲಿನ ಎಲುಬು ಮತ್ತು ನಾರು. ಅವು ಜೀವಂತವಾಗೇ ಇರುತ್ತವೆ. ಚಕ್ಕುಲಿ ಅಗಿಯಲು ಅಷ್ಟು ಸಾಕು.

ಇನ್ನು ಮೆಡಿಕಲ್ ಸ್ಟೋರ್‌ನಿಂದ ಆಂಟಿಬಯಾಟಿಕ್ ತಂದು ನುಂಗುವವರು. ತಿರುಳು ಸತ್ತ ಮೇಲೆ ಹಲ್ಲಿನ ಒಳಗೆ ರಕ್ತ ಓಡುವುದಿಲ್ಲ. ಹಾಗಾಗಿ ನುಂಗಿದ ಮಾತ್ರೆ ಅಲ್ಲಿಗೆ ಮುಟ್ಟುವುದೇ ಇಲ್ಲ. ಕೆಲವೊಮ್ಮೆ ನೋವು ತಾನಾಗಿ ನಿಲ್ಲುತ್ತದೆ. ಅದು ವಾಸಿಯಾಗಿದ್ದಲ್ಲ, ನೋವು ಹೇಳುವ ನರ ಸತ್ತಿದೆ ಅಷ್ಟೇ. ಬೇರಿನ ತುದಿಯಲ್ಲಿ ಕೀವು ಕಟ್ಟುವ ಕೆಲಸ ಸದ್ದಿಲ್ಲದೆ ನಡೆದಿರುತ್ತದೆ.

ನನಗೆ ನಿಜವಾಗಿ ಸಿಟ್ಟು ಬರುವುದು ರೂಟ್ ಕೆನಾಲ್ ಶುರುಮಾಡಿ ನಡುವೆ ಬಿಡುವವರ ಮೇಲೆ. ಮೊದಲ ಸಿಟ್ಟಿಂಗ್‌ಗೇ ನೋವು ಇಳಿಯಿತು ಅಂತ ಮತ್ತೆ ಆ ಕಡೆ ತಲೆ ಹಾಕುವುದಿಲ್ಲ. ದವಡೆ ಹಲ್ಲಿನಲ್ಲಿ ಸಾಮಾನ್ಯವಾಗಿ ಮೂರೋ ನಾಲ್ಕೋ ಕಾಲುವೆ ಇರುತ್ತವೆ, ಕೂದಲಿನಷ್ಟು ಸಣ್ಣವು, ಕೆಲವು ಸೊಟ್ಟ. ಪ್ರತಿಯೊಂದನ್ನೂ ಫೈಲ್ ಅನ್ನುವ ಸೂಜಿಯಂಥ ಅರ ಹಾಕಿ ಉಜ್ಜಿ, ಔಷಧದಲ್ಲಿ ತೊಳೆದು, ಗಟ್ಟಾಪರ್ಚಾ ಅನ್ನುವ ರಬ್ಬರಿನಂಥ ವಸ್ತು ತುಂಬಿ ಮುಚ್ಚಬೇಕು. ನಡುವೆ ತೂತು ಮುಚ್ಚಲು ಹಾಕುವ ತಾತ್ಕಾಲಿಕ ಸಿಮೆಂಟ್ ತಿಂಗಳುಗಟ್ಟಲೆ ಬಾಳುವುದಿಲ್ಲ. ಅದು ಸವೆದರೆ ಎಂಜಲು ಒಳಗಿಳಿದು ಮಾಡಿದ ಕೆಲಸವೆಲ್ಲ ಹಾಳು. ಕೊನೆಗೆ ಹಲ್ಲಿನ ಮೇಲೆ ಹಾಕುವ ಗಟ್ಟಿ ಕವಚ, ಕ್ಯಾಪ್, ಬೇಡ ಅಂತ ದುಡ್ಡು ಉಳಿಸುವುದೂ ಇಂಥದ್ದೇ ಉಳಿತಾಯ. ಹುಳುಕು ತಿಂದು, ಮೇಲಿಂದ ಕೊರೆದು, ಟೊಳ್ಳಾದ ದವಡೆ ಹಲ್ಲು ಒಂದು ಗಟ್ಟಿ ಕಡಲೆಗೇ ಸೀಳಬಹುದು. ಆಗ ಕೀಳಲೇಬೇಕು. "ನಾನು ಮೊದಲೇ ಹೇಳಿರಲಿಲ್ವಾ" ಅನ್ನಲು ಬಿಲ್ಡಿಂಗ್ ತುಂಬ ಜನ!

ದುಡ್ಡಿನ ತೊಂದರೆ ನಿಜವಾಗಿ ಇರುವವರಿಗೆ ಮುಂಬೈ ಸೆಂಟ್ರಲ್ ಹತ್ತಿರ ಪಾಲಿಕೆಯ ನಾಯರ್ ಡೆಂಟಲ್ ಕಾಲೇಜು ಇದೆ, ಸಿಎಸ್‌ಎಂಟಿ ಸ್ಟೇಷನ್ ಹತ್ತಿರ ಸರ್ಕಾರಿ ಡೆಂಟಲ್ ಕಾಲೇಜು ಇದೆ. ಖಾಸಗಿ ಕ್ಲಿನಿಕ್‌ಗಿಂತ ಖರ್ಚು ತುಂಬಾ ಕಡಿಮೆ. ಕಾಯಬೇಕು, ಲೋಕಲ್‌ನಲ್ಲಿ ನೇತಾಡಿಕೊಂಡು ಮತ್ತೆ ಮತ್ತೆ ಹೋಗಬೇಕು.

ಎಲ್ಲ ಹಲ್ಲೂ ಉಳಿಯುತ್ತದೆ ಅಂತಲ್ಲ. ಹಲ್ಲಿನ ಬೇರೇ ಉದ್ದಕ್ಕೆ ಸೀಳಿದ್ದರೆ ಸಾಮಾನ್ಯವಾಗಿ ಕೀಳುವುದೇ ದಾರಿ. ಇನ್ನು ಮೂಲೆಯಲ್ಲಿ ಕೆಲಸವಿಲ್ಲದೆ ಕೂತ ಬುದ್ಧಿಹಲ್ಲಿಗೂ ರೂಟ್ ಕೆನಾಲ್, ಕ್ಯಾಪ್ ಅಂತ ಯಾರಾದರೂ ಎಸ್ಟಿಮೇಟ್ ಕೊಟ್ಟರೆ, ಇನ್ನೊಬ್ಬ ಡಾಕ್ಟರರನ್ನು ಕೇಳಿ ನೋಡಿ ಅಂತಲೇ ನಾನೂ ಹೇಳುವುದು.