93ನೇ ನಂಬರಿನ ಗೃಹಿಣಿ

2020ರ ಮಾರ್ಚ್ 25ರಂದು ದೇಶಕ್ಕೆ ಬೀಗ ಬಿದ್ದಾಗ ಹಾಸನದ ನಮ್ಮ ಬೀದಿಯ ಒಂದೇ ಮನೆಯಲ್ಲಿ ಇಬ್ಬರ ಕೆಲಸ ಹೋಯಿತು. ಗಂಡ ಬೆಂಗಳೂರಿನಲ್ಲಿ ಕ್ಯಾಬ್ ಓಡಿಸುತ್ತಿದ್ದವನು. ಹೆಂಡತಿ ಊರಾಚೆಯ ಗಾರ್ಮೆಂಟ್ಸ್‌ನಲ್ಲಿ ಅಂಗಿಗೆ ಕಾಲರ್ ಹೊಲಿಯುತ್ತಿದ್ದವಳು. ಜಗಲಿಯ ಮೇಲೆ ಕೂತ ಗಂಡನನ್ನು ಕಂಡವರೆಲ್ಲ ‘ಪಾಪ, ಕೆಲಸ ಹೋಯ್ತಂತೆ’ ಎಂದು ಮರುಗಿದರು. ಒಳಗೆ ಪಾತ್ರೆ ಉಜ್ಜುತ್ತಿದ್ದ ಹೆಂಡತಿಯನ್ನು ಕಂಡು ‘ಸದ್ಯ, ಈಗಲಾದರೂ ಮನೆಯಲ್ಲಿದ್ದಾಳಲ್ಲ’ ಎಂದು ಸಮಾಧಾನಪಟ್ಟರು.

ಬೀದಿಯವರ ಈ ವಿವೇಕಕ್ಕೆ ಸರ್ಕಾರಿ ಶಾಸ್ತ್ರಾಧಾರವೂ ಉಂಟು. ಕೇಂದ್ರದ ಆವರ್ತಕ ಕಾರ್ಮಿಕ ಬಲ ಸಮೀಕ್ಷೆಯಲ್ಲಿ, ಕೆಲಸವಿಲ್ಲದಿದ್ದರೂ ಸಿಕ್ಕರೆ ಮಾಡುತ್ತೇನೆನ್ನುವವನಿಗೆ 81ನೇ ಸಂಕೇತ. ಅವನು ನಿರುದ್ಯೋಗಿ, ಆದರೂ ದುಡಿಯುವವರೂ ಕೆಲಸ ಬಯಸುವವರೂ ಸೇರಿದ ಕಾರ್ಮಿಕ ಬಲದ ಗೌರವಾನ್ವಿತ ಸದಸ್ಯ. ಮನೆಗೆಲಸ ಮಾತ್ರ ಮಾಡುವವಳಿಗೆ 92. ಅದರ ಜೊತೆಗೆ ಸೌದೆ ಆಯ್ದರೆ, ಮನೆಮಂದಿಗೆ ಬಟ್ಟೆ ಹೊಲಿದರೆ 93ಕ್ಕೆ ಬಡ್ತಿ. ಆದರೆ ಈ ಎರಡೂ ಲೆಕ್ಕದಿಂದ ಹೊರಗೆ. ಹೀಗಾಗಿ ಕಾರ್ಖಾನೆಯಲ್ಲಿ ಕಾಲರ್ ಹೊಲಿದಾಗ ಕಾರ್ಮಿಕಳಾಗಿದ್ದವಳು, ಮಾವನವರ ಹಳೆಯ ಪಂಚೆಯನ್ನು ಹರಿದು, ಅದೇ ಕೈಯಿಂದ ಏಳು ಜನಕ್ಕೆ ಮಾಸ್ಕ್ ಹೊಲಿದ ದಿನಗಳಲ್ಲಿ ಕಾರ್ಮಿಕಳಾಗಿರಲಿಲ್ಲ. ಕೆಲಸ ಸಿಕ್ಕರೆ ಹೋಗುತ್ತೇನೆ ಎಂದು ಬಾಯಿಬಿಟ್ಟು ಹೇಳಿದ್ದರೆ ಅವಳಿಗೂ 81 ದಕ್ಕುತ್ತಿತ್ತು, ನಿಜ. ಆದರೆ ಬಾಗಿಲಿಗೆ ಬಂದವರಿಗೆಲ್ಲ ಉತ್ತರ ಕೊಡುವವರು ಮಾವನವರು.

ಕೊರೊನಾಕ್ಕೂ ಮುಂಚೆ, 2019ರ ಕಾಲ ಬಳಕೆ ಸಮೀಕ್ಷೆಯ ಪ್ರಕಾರ, ಮನೆಗೆಲಸಕ್ಕೆ ಕೈಹಾಕುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು, ಕೈಹಾಕುವ ಗಂಡಸರು 97 ನಿಮಿಷ. ಆ 97ರಲ್ಲಿ ನಮ್ಮ ಬೀದಿಯ ಪಾಲು ಎಲ್ಲಿ ಸೋರಿಹೋಯಿತೋ, ತನಿಖೆಯಾಗಬೇಕು.

ಮಳೆಗಾಲದ ಹೊತ್ತಿಗೆ ಗಂಡ ಜಗಲಿಯಲ್ಲಿ ತರಕಾರಿ ಅಂಗಡಿ ತೆರೆದ. ಬೋರ್ಡಿನ ಮೇಲೆ ಅವನ ಹೆಸರು, ತಕ್ಕಡಿ ಹಿಡಿಯುವವಳು ಅವಳು. ಅವನೀಗ 11, ಸ್ವಂತ ಉದ್ಯೋಗಿ. ಅವಳು 21, ಸಂಬಳವಿಲ್ಲದ ಸಹಾಯಕಿ. ಸಂಬಳವಿಲ್ಲದಿದ್ದರೇನು, ಲೆಕ್ಕಕ್ಕೆ ಸೇರಿದಳಲ್ಲ! ಕಾರ್ಮಿಕ ಬಲದಲ್ಲಿ 15 ವರ್ಷ ತುಂಬಿದ ಮಹಿಳೆಯರ ಪಾಲ್ಗೊಳ್ಳುವಿಕೆ 2019-20ರಲ್ಲಿ ಶೇ 30.0 ಇದ್ದದ್ದು 2020-21ರಲ್ಲಿ ಶೇ 32.5ಕ್ಕೆ ಏರಿತು, ಗಂಡಸರದು 76.8ರಿಂದ 77.0ಕ್ಕೆ ಕಷ್ಟಪಟ್ಟು ತೆವಳಿತು. ಮಹಾಮಾರಿಯ ನಡುವೆಯೂ ಮಹಿಳೆ ಮುನ್ನಡೆದಳೆಂದು ಹಿಗ್ಗುವವರು ಹಿಗ್ಗಲಿ; ಆ ಏರಿಕೆಯೊಳಗೆ ಇಂಥ ತಕ್ಕಡಿಗಳೂ ಇವೆ.

ಕಾರ್ಖಾನೆ ಮತ್ತೆ ತೆರೆದು ಅವಳಿಗೆ ಕರೆ ಬಂದಾಗ ಗಂಡ ಆಗಲೇ ಬೆಂಗಳೂರಿಗೆ ಮರಳಿದ್ದ. ‘ಅಂಗಡಿ ಯಾರು ನೋಡ್ಕೋತಾರೆ?’ ಎಂದರು ಮಾವನವರು. ಅವಳೇ ನೋಡಿಕೊಳ್ಳುತ್ತಿದ್ದಾಳೆ. ಗಲ್ಲಾಪೆಟ್ಟಿಗೆಯ ಬೀಗದ ಕೈ ಮಾತ್ರ ಮಾವನವರ ಉಡಿದಾರದಲ್ಲಿದೆ.