ಲೆಕ್ಕ ಬರ್ತಿಲ್ಲ ಮಾಮ

ಮನೆತನದಲ್ಲಿ ಒಬ್ಬ ಇಂಜಿನಿಯರಿಂಗ್ ಓದಿದ್ದರೆ ಸಾಕು, ಎಲ್ಲರ ಮಕ್ಕಳ ಎಸ್ಸೆಸ್ಸೆಲ್ಸಿ ಲೆಕ್ಕವೂ ಅವನ ತಲೆಗೇ. ನಮ್ಮಲ್ಲಿ ಆ ತಲೆ ನನ್ನದು. ಸಿಮೆಂಟು, ಮರಳು ಬಿಟ್ಟರೆ ಬೇರೆ ಲೆಕ್ಕ ಮಾಡಿ ಕಾಲವಾಯಿತು ಅಂದರೂ ಯಾರೂ ಕೇಳುವುದಿಲ್ಲ.

ಅಕ್ಕನ ಮಗಳ ಮೆಸೇಜು ಬರುವುದು ರಾತ್ರಿ ಊಟ ಆದ ಮೇಲೆ. "ಮಾಮ, ಲೆಕ್ಕ ಬರ್ತಿಲ್ಲ." ಅಷ್ಟೇ. ಯಾವ ಲೆಕ್ಕ? "ಅದೇ, ಕೊನೇದು." ಯಾವುದರ ಕೊನೇದು? ಈಗ ಒಂದು ಫೋಟೋ ಬರುತ್ತದೆ. ಅದರಲ್ಲಿ ಅರ್ಧ ಟ್ಯೂಬ್‌ಲೈಟಿನ ಬೆಳಕು, ಉಳಿದಿದ್ದು ಹೆಬ್ಬೆರಳು. ಸಂದಿಯಲ್ಲಿ ಒಂದು ರೈಲು ಹೋಗುತ್ತಿದೆ.

ಹಳೇ ಲೆಕ್ಕವೇ. ರೈಲು 360 ಕಿ.ಮೀ. ಹೋಗಬೇಕು. ವೇಗ ಗಂಟೆಗೆ 5 ಕಿ.ಮೀ. ಜಾಸ್ತಿ ಇದ್ದಿದ್ದರೆ 1 ಗಂಟೆ ಮೊದಲೇ ತಲುಪುತ್ತಿತ್ತು. ಹಾಗಾದರೆ ವೇಗ ಎಷ್ಟು? ಹೆಬ್ಬೆರಳು ಸರಿಯಾಗಿ ಆ 1 ಗಂಟೆಯ ಮೇಲೆ ಕೂತಿತ್ತು. ಅದಿಲ್ಲದೆ ಸಮೀಕರಣ ಹುಟ್ಟುವುದಾದರೂ ಹೇಗೆ?

"ಟೈಪ್ ಮಾಡಿ ಕಳಿಸೇ" ಅಂದೆ. ಕಳಿಸಿದಳು, 350 ಅಂತ. ಶೋಧಕ, ಅಂದರೆ ವರ್ಗಸಮೀಕರಣದ ಸೂತ್ರದಲ್ಲಿ ವರ್ಗಮೂಲದ ಒಳಗೆ ಕೂರುವ ಸಂಖ್ಯೆ, ಹಾಕಿದರೆ 7025 ಬಂತು. ಅದಕ್ಕೆ ಪೂರ್ಣ ವರ್ಗಮೂಲ ಇಲ್ಲ. ಅಲ್ಲೇ ಅನುಮಾನ ಬಂತು. ಹತ್ತನೇ ಕ್ಲಾಸಿನ ರೈಲುಗಳು ದಶಮಾಂಶದಲ್ಲಿ ಓಡುವುದು ಕಡಿಮೆ. "ಪುಸ್ತಕ ನೋಡು" ಅಂದರೆ, "ಓ, 360. ಹತ್ತು ಕಿಲೋಮೀಟರು ತಾನೆ ಮಾಮ, ಅಡ್ಜಸ್ಟ್ ಮಾಡ್ಕೊಳ್ಳಿ" ಅಂದಳು. 360 ಹಾಕಿದ ಕೂಡಲೇ ಶೋಧಕ 7225 ಆಯಿತು, ಅಂದರೆ 85ರ ವರ್ಗ. ವೇಗ 40. ಇನ್ನೊಂದು ಮೂಲ ಮೈನಸ್ 45. ಅದು ರಿವರ್ಸ್ ಗೇರಿನ ರೈಲು, ಬಿಟ್ಟುಬಿಡಬೇಕು.

ಅಷ್ಟರಲ್ಲಿ ಹಿಂದಿನಿಂದ ಅಕ್ಕನ ದನಿ: "ಸುಮ್ನೆ ಉತ್ತರ ಹೇಳ್ಬಿಡೋ, ಮಗು ಮಲಗ್ಬೇಕು."

ಒಂಬತ್ತನೇ ಶತಮಾನದಲ್ಲಿ, ಅಮೋಘವರ್ಷನ ಕಾಲದಲ್ಲಿ, ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ' ಬರೆದ. ಅದರಲ್ಲಿ ಒಂಟೆಗಳ ಲೆಕ್ಕ ಒಂದಿದೆ. ಹಿಂಡಿನ ಕಾಲು ಭಾಗ ಕಾಡಿನಲ್ಲಿ, ಹಿಂಡಿನ ವರ್ಗಮೂಲದ ಎರಡರಷ್ಟು ಬೆಟ್ಟದ ಇಳಿಜಾರಿನಲ್ಲಿ, ಉಳಿದ 15 ಹೊಳೆ ದಂಡೆಯಲ್ಲಿ. ಹಿಂಡಿನಲ್ಲಿ ಎಷ್ಟು ಒಂಟೆ? 36. ನಾಲ್ಕು ಮಾತಿನಲ್ಲಿ ಬೇಕಾದ್ದೆಲ್ಲ ಇದೆ. ಒಂದು ಒಂಟೆಯೂ ಹೆಬ್ಬೆರಳ ಕೆಳಗೆ ಸಿಕ್ಕಿಕೊಂಡಿಲ್ಲ.

ಇದನ್ನೇ ಅವಳಿಗೆ ಹೇಳಿದೆ. ಪ್ರಶ್ನೆ ಪೂರ್ತಿ ಕಳಿಸು. ಎಕ್ಸ್ ಅಂತ ಯಾವುದನ್ನು ತಗೊಂಡೆ ಅಂತ ಬರಿ. ನೀನು ಮಾಡಿದ್ದನ್ನೂ ಕಳಿಸು, ಹೊಡೆದು ಹಾಕಿದ ಸಾಲುಗಳ ಸಮೇತ. ನನಗೆ ಬೇಕಾಗಿದ್ದು ಮುಖ್ಯವಾಗಿ ಆ ಹೊಡೆದು ಹಾಕಿದ ಸಾಲುಗಳೇ. ತಪ್ಪು ಅವಿತಿರುವುದು ಹೆಚ್ಚಾಗಿ ಅಲ್ಲೇ, ಆದರೆ ಮಕ್ಕಳು ನಾಚಿಕೆಯಿಂದ ಅದನ್ನೇ ಮೊದಲು ಅಳಿಸುತ್ತಾರೆ.

ಮುಂದಿನ ಸಲ ಪ್ರಶ್ನೆ ಅಚ್ಚುಕಟ್ಟಾಗಿ ಬಂತು. ಎಕ್ಸ್ ಯಾವುದು, ಎಲ್ಲಿವರೆಗೆ ಬಂತು, ಎಲ್ಲಿ ನಿಂತಿತು, ಎಲ್ಲ ಇತ್ತು. ನಾನು ಖುಷಿಯಾಗಿ ಪೆನ್ನು ಹುಡುಕುತ್ತಿದ್ದೆ. ಅಷ್ಟರಲ್ಲಿ ಇನ್ನೊಂದು ಮೆಸೇಜು: "ಬೇಡ ಮಾಮ, ನಿಮಗೆ ಬರೀತಾ ಬರೀತಾ ಗೊತ್ತಾಯ್ತು. ಮೈನಸ್ ಬಿಟ್ಟಿದ್ದೆ."

ಆಮೇಲೆ ಅವಳ ಮೆಸೇಜುಗಳು ಕಡಿಮೆಯಾದವು. ಮೊನ್ನೆ ಅಕ್ಕನೇ ಫೋನು ಮಾಡಿದ್ದಳು. "ಏನೋ, ಈಗೀಗ ಮಗುಗೆ ಲೆಕ್ಕ ಹೇಳಿಕೊಡೋದೇ ಬಿಟ್ಟಿದ್ದೀಯಲ್ಲ, ಅಷ್ಟೂ ಪುರುಸೊತ್ತಿಲ್ವಾ ನಿಂಗೆ?"