ಸತ್ಯಾಂಶ: ಮೆಡೆಲಿನ್ ಈಗಲೂ ಕೊಲೆಗಳ ರಾಜಧಾನಿಯೇ?

ಕೊಲಂಬಿಯಾದ ಮೆಡೆಲಿನ್ ಇಂದಿಗೂ ಜಗತ್ತಿನಲ್ಲೇ ಅತಿ ಹೆಚ್ಚು ಕೊಲೆಗಳಾಗುವ ನಗರ ಎನ್ನುವ ಸಂದೇಶ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಆಗಾಗ ತಲೆ ಎತ್ತುತ್ತದೆ. ಇದು ಪೂರ್ತಿ ಕಟ್ಟುಕಥೆಯಲ್ಲ, ಹಳಸಿದ ಸತ್ಯ. 1991ರಲ್ಲಿ ಮಾದಕವಸ್ತು ಜಾಲಗಳ ಕಾದಾಟ ತಾರಕಕ್ಕೇರಿದ್ದಾಗ ಅಲ್ಲಿ ಪ್ರತಿ ಲಕ್ಷ ಜನರಿಗೆ 350ಕ್ಕೂ ಹೆಚ್ಚು ಕೊಲೆಗಳಾಗಿದ್ದವು. ಈಚಿನ ವರ್ಷಗಳಲ್ಲಿ ಅದು 20ಕ್ಕಿಂತ ಕೆಳಗಿದೆ. ಭಾರತದ ದರ ಸುಮಾರು 2. ಹಾಗಾಗಿ ಮೆಡೆಲಿನ್ ಸಾಧುಗಳ ಊರೆಂದು ಯಾರೂ ಹೇಳುತ್ತಿಲ್ಲ. ಆದರೆ ಗುಂಡಿನ ಸದ್ದಿಗೆ ಹೆಸರಾಗಿದ್ದ ಗುಡ್ಡದ ಬಡಾವಣೆಗಳಿಗೆ 2004ರಿಂದ ಕೇಬಲ್ ಕಾರ್ ಓಡುತ್ತಿದೆ. ಮೆಟ್ರೋ ಇಳಿದವರು ಕೈಚೀಲ ಹಿಡಿದು ಅದರಲ್ಲೇ ಮನೆ ಸೇರುತ್ತಾರೆ.

ಸಂದೇಶ ಕಳುಹಿಸುವವರನ್ನು ದೂರುವಂತಿಲ್ಲ, ತೆರೆಯ ಮೇಲಿನ ಕಥೆಗಳೂ ಆ ಹಳೆಯ ದಶಕವನ್ನೇ ತೋರಿಸುತ್ತಿವೆ. ಇಂಥ ಅಂಕಿ ಕಂಡಾಗ ಮೊದಲು ಇಸವಿ ಹುಡುಕಿ. ಇಸವಿಯಿಲ್ಲದ ಅಂಕಿ ದಿನಾಂಕ ಅಳಿಸಿಹೋದ ಔಷಧದ ಬಾಟಲಿಯಂತೆ. ಆಮೇಲೆ ಒಟ್ಟು ಕೊಲೆಗಳನ್ನು ಜನಸಂಖ್ಯೆಯಿಂದ ಭಾಗಿಸಿ ಲಕ್ಷದಿಂದ ಗುಣಿಸಿ. 25 ಲಕ್ಷ ಜನರ ಊರಿನಲ್ಲಿ ವರ್ಷಕ್ಕೆ 400 ಕೊಲೆಗಳಾದರೆ ದರ 16. ನಗರದ ಅಂಕಿಯನ್ನು ಇಡೀ ದೇಶಕ್ಕೆ ಅಂಟಿಸಿದ್ದಾರೆಯೇ ಎಂದೂ ನೋಡಿ. ಕೊಲಂಬಿಯಾದ ಪಕ್ಕದ ದೇಶ ಈಕ್ವೆಡಾರ್‌ನದು ಮೆಡೆಲಿನ್ ಕಥೆಗೆ ತದ್ವಿರುದ್ಧ: 2018ರ ಹೊತ್ತಿಗೆ ಸುಮಾರು 6 ಇದ್ದ ದರ 2023ರಲ್ಲಿ 40 ದಾಟಿತು.